ಮೊದಲು ಬ್ರೇಕ್, ಆಮೇಲೆ ಬಣ್ಣ: ಬಳ್ಳಾರಿಯ ಹಳೇ ಜೀಪ್ ಗ್ಯಾರೇಜ್

ಹಳೇ ಜೀಪನ್ನು ಹೊಸದಾಗಿ ಕಟ್ಟಿಸಬೇಕು ಅಂತ ಬಳ್ಳಾರಿ ಕಡೆಯವರು ಯಾರಾದರೂ ಯೋಚಿಸುತ್ತಿದ್ದರೆ, ಹೊಸಪೇಟೆ ರಸ್ತೆ ಪಕ್ಕದ ಗಲ್ಲಿಯಲ್ಲಿರುವ ಈ ಗ್ಯಾರೇಜಿಗೆ ಒಮ್ಮೆ ಹೋಗಿ ಬನ್ನಿ. ಬೋರ್ಡ್ ಇಲ್ಲ. ನೀಲಿ ತಗಡಿನ ಗೇಟು, ಒಳಗೆ ಬೇವಿನ ಮರ, ಮರದ ಕೆಳಗೆ ಲಾರಿಯಿಂದ ಕಿತ್ತು ತಂದ ಉದ್ದನೆಯ ಸೀಟು. ಅಷ್ಟೇ ಗುರುತು. ಹೆಸರು ಬರೆಯಬೇಡಿ ಅಂತ ಮೇಸ್ತ್ರಿಯೇ ಹೇಳಿದ್ದಾರೆ. ಈಗಿರುವ ಕೆಲಸವೇ ಕೈತುಂಬಾ ಇದೆ ಅವರಿಗೆ. ಗಲ್ಲಿ ಶುರುವಾಗುವಲ್ಲಿ ಒಂದು ಪಂಚರ್ ಅಂಗಡಿ ಇದೆ. ಅಲ್ಲಿ "ಜೀಪ್ ಮೇಸ್ತ್ರಿ ಎಲ್ಲಿರ್ತಾರೆ" ಅಂದರೆ ಸಾಕು, ಕೈ ತೋರಿಸುತ್ತಾರೆ.

ನಾನು ಕಟ್ಟಿಸಿದ್ದು ತೊಂಬತ್ತರ ದಶಕದ ಮಹೀಂದ್ರಾ ಎಂಎಂ 540. ಪ್ಯೂಜೋ ಡೀಸೆಲ್ ಎಂಜಿನ್, 2112 ಸಿಸಿ. ಅಪ್ಪ ಸಂಡೂರು ಕಡೆಯ ಒಂದು ಗಣಿಯಲ್ಲಿ ಡ್ರೈವರ್ ಆಗಿದ್ದರು, ವರ್ಷಗಟ್ಟಲೆ ಓಡಿಸಿದ್ದು ಇದೇ ಗಾಡಿಯನ್ನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಮೇಲೆ ಗಣಿಯವರು ಹಳೇ ಗಾಡಿಗಳನ್ನು ಒಂದೊಂದಾಗಿ ಮಾರಿದರು. ಅಪ್ಪ ಇದನ್ನು ಬಿಡಲಿಲ್ಲ. ಮನೆಗೆ ಬಂದಾಗ ಚಾಸಿಯ ಮೂಲೆಮೂಲೆಯಲ್ಲಿ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಅದಿರಿನ ಧೂಳಿಗೆ ಮಳೆ ನೀರು ಸೇರಿದರೆ ತಗಡಿನ ಗತಿ ಏನಾಗುತ್ತೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಈ ಗ್ಯಾರೇಜನ್ನು ಹೊಗಳೋಕೆ ನನಗೆ ಮೊದಲ ದಿನವೇ ಕಾರಣ ಸಿಕ್ಕಿತು. ಮೇಸ್ತ್ರಿ ಬಾನೆಟ್ ಎತ್ತಲಿಲ್ಲ. "ಆರ್‌ಸಿ ತೋರಿಸ್ರೀ" ಅಂದರು. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ವೈರ್ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಿಡಿದು ತಾಳೆ ನೋಡಿದರು. ನನಗೆ ಬಿಳಿ ಜೀಪ್ ಬೂದು ಬಣ್ಣಕ್ಕೆ ಬರಬೇಕಿತ್ತು. "ಬಣ್ಣ ಬದಲಾಗೋದಿದ್ರೆ ಆರ್‌ಟಿಒನಲ್ಲಿ ಅರ್ಜಿ ಕೊಟ್ಟು ಬನ್ನಿ. ಅಲ್ಲೀವರೆಗೂ ನಾನು ಪೇಂಟ್ ಗನ್ ಹಿಡಿಯೋದಿಲ್ಲ" ಅಂದುಬಿಟ್ಟರು. ಗಾಡಿ ಬದಲಾಯಿಸೋದರ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇವರಿಗೆ ಬಾಯಿಪಾಠ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ ಮೇಲೆ, ಮಾಡಿಫೈ ಜೀಪ್ ಇಟ್ಟವರೆಲ್ಲ ಕೇಸು, ದಂಡ ಅಂತ ಓಡಾಡಿದ್ದಾರೆ. ಆದರೂ ಎಷ್ಟೋ ಗ್ಯಾರೇಜುಗಳಲ್ಲಿ ಈ ಮಾತೇ ಬರೋದಿಲ್ಲ. ದುಡ್ಡು ತಗೊಂಡು ಕೆಲಸ ಮಾಡಿ ಕಳಿಸುತ್ತಾರೆ, ದಂಡ ಕಟ್ಟೋರು ನಾವು.

ನಾನಿದ್ದಾಗಲೇ ಒಬ್ಬ ಹುಡುಗ ತನ್ನ ಜೀಪ್ ತಂದಿದ್ದ. ಅಗಲದ ಟೈರ್ ಬೇಕು, ಗಾಡಿ ಅರ್ಧ ಅಡಿ ಎತ್ತಬೇಕು, ಮುಂದೆ ಉದ್ದನೆಯ ಎಲ್‌ಇಡಿ ಪಟ್ಟಿ ಬೇಕು. ಮೇಸ್ತ್ರಿ ಅವನನ್ನು ಬೈಯಲಿಲ್ಲ. ಕೂರಿಸಿಕೊಂಡು, ಕಿತ್ತಿಟ್ಟಿದ್ದ ಒಂದು ಮುಂದಿನ ಆಕ್ಸಲ್ ತೋರಿಸಿದರು. ಮುಂದಿನ ಚಕ್ರ ಎಡಬಲ ತಿರುಗೋಕೆ ಕೀಲಾಗಿರುವ ಕಿಂಗ್ ಪಿನ್ ಒಂದು ಕಡೆಗೆ ಸವೆದುಹೋಗಿತ್ತು. ಚಕ್ರ ಹೊರಗೆ ಚಾಚಿದಷ್ಟೂ ಬೇರಿಂಗಿಗೂ ಪಿನ್‌ಗೂ ಭಾರ ಜಾಸ್ತಿ, ಸ್ಟೇರಿಂಗ್ ಗಟ್ಟಿ. ಗಾಡಿ ಎತ್ತರ ಆದಷ್ಟೂ ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತೆ. "ಫೋಟೋದಲ್ಲಿ ಜೀಪ್ ನಿಂತಿರ್ತದಪ್ಪ. ನೀನು ಓಡಿಸ್ಬೇಕು" ಅಂದರು. ಹುಡುಗ ಸಪ್ಪೆ ಮುಖ ಮಾಡಿಕೊಂಡು ಹೋದ. ಗಿರಾಕಿ ಕೈಬಿಟ್ಟರೂ ಇದನ್ನು ಹೇಳುವವರು ನನಗೆ ಬೇಕಿತ್ತು.

ಕೆಲಸದ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಕ್ರಮ ಒಂದೇ: ಮೊದಲು ಬ್ರೇಕ್, ಆಮೇಲೆ ಸ್ಟೇರಿಂಗ್, ಆಮೇಲೆ ಗಾಡಿಯ ಭಾರ ಹೊರುವ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್), ಆಮೇಲೆ ಎಂಜಿನ್, ಕೊನೆಗೆ ತಗಡು ಮತ್ತು ಬಣ್ಣ. ಎಂಎಂ 540ಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಡ್ರಮ್‌ಗಳನ್ನು ಲೇತ್‌ಗೆ ಹಾಕಿ ಒಳಮೈ ಹೊಡೆಸಿದರು. ಒಂದು ಡ್ರಮ್ ಆಗಲೇ ಮಿತಿ ಮೀರಿ ಸವೆದಿತ್ತು. ಅದಕ್ಕೆ ಲೇತ್ ಬೇಡ, ಹೊಸದೇ ತನ್ನಿ ಅಂತ ಹಟ ಹಿಡಿದರು. ಲೈನರ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಪೈಪ್ ಎಲ್ಲಾ ಹೊಸದು. ಬ್ರೇಕ್ ಆಯಿಲ್ ಪೂರ್ತಿ ಖಾಲಿ ಮಾಡಿ ಬೇರೆ ತುಂಬಿದರು. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗುತ್ತೆ, ಒತ್ತಿದರೆ ಆವಿ ಕುಗ್ಗುತ್ತೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ. ಡ್ರಮ್ ಕೂಡ ಕಾದರೆ ಹಿಗ್ಗುತ್ತೆ, ಒಳಗಿನಿಂದ ಒತ್ತಿ ಹಿಡಿಯುವ ಶೂನಿಂದ ದೂರ ಸರಿಯುತ್ತೆ. ಘಾಟಿಯಲ್ಲಿ ಬ್ರೇಕ್ ಫೇಲ್ ಅಂತ ಕೇಳುತ್ತೀವಲ್ಲ, ಎಷ್ಟೋ ಸಲ ಅದು ಹೀಗೆ ನಿಧಾನವಾಗಿ ಆಗಿರುತ್ತೆ. ನಮ್ಮ ಕಡೆ ಅದಿರು ಲಾರಿ ಓಡಿಸಿದ ಹಳಬರಿಗೆ ಇದು ಗೊತ್ತು. ಅದಕ್ಕೇ ಅವರು ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ.

ಕಮಾನ್ ಪಟ್ಟಿಯಲ್ಲಿ ಇನ್ನೊಂದು ಒಳ್ಳೇ ಕೆಲಸ ಆಯಿತು. ಗಣಿಯಲ್ಲಿ ಭಾರ ಹೇರೋಕೆ ಅಂತ ಯಾರೋ ಹಿಂದೆ ಎಕ್ಸ್‌ಟ್ರಾ ಎಲೆ (ಪಟ್ಟಿ) ಹಾಕಿಸಿದ್ದರು. ಹಾಗಾಗಿ ಖಾಲಿ ಜೀಪ್ ಗುಂಡಿಯಲ್ಲಿ ಕುಪ್ಪಳಿಸುತ್ತಿತ್ತು. ಚಕ್ರ ನೆಲ ಬಿಟ್ಟು ಮೇಲೆದ್ದರೆ ಹಿಡಿತ ಎಲ್ಲಿಂದ ಬರಬೇಕು? ಮೇಸ್ತ್ರಿ ಆ ಎಲೆ ತೆಗೆದು, ಉಳಿದವನ್ನು ಬಿಚ್ಚಿ, ಉಜ್ಜಿ, ನಡುವೆ ಗ್ರೀಸ್ ಹಚ್ಚಿ ಮತ್ತೆ ಕಟ್ಟಿದರು. ಬುಷ್ ಹೊಸದು. ಶಾಕಬ್ಸರ್ ಹೊಸದು. ಫೋಟೋದಲ್ಲಿ ಇದ್ಯಾವುದೂ ಕಾಣೋದಿಲ್ಲ.

ಭಾನುವಾರ ಗ್ಯಾರೇಜಿನಲ್ಲಿ ಕೆಲಸ ಇರೋದಿಲ್ಲ, ಮಾತು ಇರುತ್ತೆ. ಬೇವಿನ ಮರದ ಕೆಳಗಿನ ಆ ಲಾರಿ ಸೀಟಿನ ಮೇಲೆ ಕೂರುವವರಲ್ಲಿ ಒಬ್ಬರು ಹಿಂದೆ ಟ್ರಾನ್ಸ್‌ಪೋರ್ಟ್ ನಡೆಸಿದ ಯಜಮಾನರು, ಒಬ್ಬರು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು, ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಯೂನಿಟ್‌ನ ಹುಡುಗ ಒಬ್ಬ. ಅಪ್ಪನೂ ಈಗ ಆ ಗುಂಪಿಗೆ ಸೇರಿದ್ದಾರೆ. ನನ್ನ ಜೀಪ್ ಸಿದ್ಧ ಆದ ಮೇಲೂ ನಾನು ಅಲ್ಲಿಗೆ ಹೋಗೋದು ಈ ಮಾತಿಗೋಸ್ಕರ. ಮಿರ್ಚಿ, ಮಂಡಕ್ಕಿ ಒಗ್ಗರಣಿ ಮುಂದಿಟ್ಟುಕೊಂಡು ಇಟಲಿ, ಅಮೆರಿಕದ ಕಾರುಗಳ ವಿಷಯ ಮಾತಾಡುವ ಜಾಗ ಬಳ್ಳಾರಿಯಲ್ಲಿ ನಾನು ಬೇರೆ ಕಂಡಿಲ್ಲ.

ಮೇಷ್ಟ್ರ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಹಾಟ್ ವೀಲ್ಸ್ ಆಟಿಕೆ ಕಾರು ಇರುತ್ತೆ. ಹೋದ ವರ್ಷ ಅವರು ತಂದಿದ್ದು ಡಿಯೋರಾ. 1965ರ ಡಾಡ್ಜ್ ಎ100 ಎಂಬ ಸಾದಾ ಪಿಕಪ್ಪನ್ನು ಡೆಟ್ರಾಯ್ಟ್‌ನ ಅಲೆಕ್ಸಾಂಡರ್ ಸಹೋದರರು ಕೊಯ್ದು ಕಟ್ಟಿದ ಗಾಡಿ ಅದು. ಅದರ ರೂಪ ಬರೆದವರು ಹ್ಯಾರಿ ಬ್ರಾಡ್ಲಿ. ಪಕ್ಕದಲ್ಲಿ ಬಾಗಿಲಿಲ್ಲ, ಮುಂದಿನ ಗಾಜನ್ನೇ ಎತ್ತಿ ಒಳಗೆ ಹೋಗಬೇಕು. 1967ರಲ್ಲಿ ಅದಕ್ಕೆ ಡೆಟ್ರಾಯ್ಟ್‌ನ ರಿಡ್ಲರ್ ಎಂಬ ಕಸ್ಟಮ್ ಕಾರುಗಳ ಪ್ರಶಸ್ತಿ ಬಂತು. ಮಾರನೇ ವರ್ಷ, 1968ರಲ್ಲಿ, ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಶುರು ಮಾಡಿದಾಗ ಮೊದಲ 16 ಕಾರುಗಳಲ್ಲಿ ಡಿಯೋರಾನೂ ಒಂದು. ಆ ಮೊದಲ ಕಾರುಗಳ ವಿನ್ಯಾಸಕ್ಕೆ ಕೂತವರೂ ಅದೇ ಬ್ರಾಡ್ಲಿ. ಒಂದು ಗ್ಯಾರೇಜಿನಲ್ಲಿ ಹುಟ್ಟಿದ ಗಾಡಿ ಹೀಗೆ ಲೋಕದ ಮಕ್ಕಳ ಕೈಗೆಲ್ಲ ಹೋಯಿತು.

ಮೇಸ್ತ್ರಿಗೆ ಇದರಲ್ಲಿ ಹಿಡಿಸಿದ್ದು ಬೇರೆ. ಆ ಎತ್ತುವ ಮುಂದಿನ ಗಾಜು ಹೊಸದಾಗಿ ಮಾಡಿಸಿದ್ದಲ್ಲ, 1960ರ ಫೋರ್ಡ್ ಸ್ಟೇಷನ್ ವ್ಯಾಗನ್ನಿನ ಹಿಂಬಾಗಿಲಿನದು ಅಂತ ಮೇಷ್ಟ್ರು ಹೇಳಿದಾಗ ಅವರ ಮುಖ ಅರಳಿತು. "ಅಲ್ಲೂ ಹಿಂಗೇ ಅನ್ರಿ! ಒಂದರದು ತೆಗೆದು ಇನ್ನೊಂದಕ್ಕೆ ಕೂಡಿಸ್ತಾರೆ!" ಬಳ್ಳಾರಿಯಲ್ಲಿ ಅಂಬಾಸಿಡರ್‌ನ ಭಾಗ ಟೆಂಪೋಗೆ, ಟೆಂಪೋದ್ದು ಜೀಪಿಗೆ ಕೂಡಿಸಿ ದುಡಿದ ಕೈ ಅದು. ಆ ಆಟಿಕೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಮುಂದಗಡೆ ಗುದ್ದಿದ್ರೆ ಒಳಗಿರೋರು ಹೊರಗೆ ಹೆಂಗೆ ಬರ್ತಾರೆ?" ಯಾರ ಬಳಿಯೂ ಉತ್ತರ ಇರಲಿಲ್ಲ.

ಟ್ರಾನ್ಸ್‌ಪೋರ್ಟ್ ಯಜಮಾನರಿಗೆ ಬ್ಯಾಟ್‌ಮನ್ ಕಾರಿನ ಕಥೆ ಇಷ್ಟ. ಲಿಂಕನ್ ಕಂಪನಿ 1955ರಲ್ಲಿ ಫ್ಯೂಚುರಾ ಎಂಬ ಕಾನ್ಸೆಪ್ಟ್ ಕಾರನ್ನು (ಮಾರೋಕಲ್ಲ, ಪ್ರದರ್ಶನಕ್ಕೆ ಮಾಡುವ ಕಾರು) ಇಟಲಿಯ ಗಿಯಾ ಕಾರ್ಖಾನೆಯಲ್ಲಿ ಕೈಯಲ್ಲೇ ಕಟ್ಟಿಸಿತ್ತು. ಪ್ರದರ್ಶನ ಮುಗಿದ ಮೇಲೆ ಅದನ್ನು ಕೇಳುವವರಿರಲಿಲ್ಲ. ಗಾಡಿಗಳ ರೂಪ ಬದಲಿಸಿ ಕಟ್ಟುತ್ತಿದ್ದ ಜಾರ್ಜ್ ಬ್ಯಾರಿಸ್ ಒಂದು ಡಾಲರಿಗೆ ತಗೊಂಡರು. 1966ರಲ್ಲಿ ಟಿವಿ ಧಾರಾವಾಹಿ ಶುರುವಾಗುವ ಹೊತ್ತಿಗೆ ಅದನ್ನೇ ಬ್ಯಾಟ್‌ಮನ್ ಕಾರು ಮಾಡಿದರು. 2013ರ ಹರಾಜಿನಲ್ಲಿ ಅದು ಹೋದದ್ದು 46 ಲಕ್ಷ ಡಾಲರಿಗೆ. ಯಜಮಾನರು ಇದನ್ನು ಹೇಳುವಾಗ ಕಣ್ಣು ತುಂಬಾ ಖುಷಿ. ಗಣಿ ನಿಂತಾಗ ಇವರ ಲಾರಿಗಳೂ ಸಾಲಾಗಿ ನಿಂತಿದ್ದವು, ಕೆಲವನ್ನು ಗುಜರಿಗೆ ಕೊಟ್ಟರು. ಬೇಡವಾದ ಗಾಡಿಗೆ ಬೆಲೆ ಬಂದ ಕಥೆ ಅವರಿಗೆ ಯಾಕೆ ಹತ್ತಿರ ಅನ್ನೋದು ಆ ಸೀಟಿನ ಮೇಲೆ ಕೂತ ಎಲ್ಲರಿಗೂ ಗೊತ್ತು.

ನನ್ನ ಮನಸ್ಸಿಗೆ ಹತ್ತಿರದ್ದು ಸ್ಟ್ರಾಟೋಸ್ ಜೀರೋ. ಇಟಲಿಯ ಬೆರ್ಟೋನೆ ಎಂಬ ಕಾರು ವಿನ್ಯಾಸ ಕಂಪನಿಗಾಗಿ ಮಾರ್ಚೆಲ್ಲೋ ಗಾಂದಿನಿ ರೂಪಿಸಿದ 1970ರ ಕಾನ್ಸೆಪ್ಟ್ ಕಾರು. ಎತ್ತರ ಬರೀ 84 ಸೆಂಟಿಮೀಟರ್, ನಮ್ಮ ಜೀಪಿನ ಬಾನೆಟ್‌ಗಿಂತ ಕೆಳಗೆ. ಕಂಪನಿಯ ಒಡೆಯ ನುಚ್ಚಿಯೋ ಬೆರ್ಟೋನೆ ಅದನ್ನು ಲಾಂಚಿಯಾ ಕಾರು ಕಾರ್ಖಾನೆಗೆ ತಾವೇ ಓಡಿಸಿಕೊಂಡು ಹೋಗಿ, ಗೇಟಿನ ಅಡ್ಡಗಂಬದ ಕೆಳಗೇ ನುಸುಳಿದರಂತೆ. ನೋಡೋಕೆ ಅದೊಂದು ಚಮತ್ಕಾರ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅದರಿಂದ ಲಾಂಚಿಯಾದವರಿಗೆ ಆಸೆ ಹುಟ್ಟಿ, ಫೆರಾರಿ ಎಂಜಿನ್ ಕೂರಿಸಿ, ಬೇರೆಯೇ ಮೈ ಕಟ್ಟಿ ಸ್ಟ್ರಾಟೋಸ್ ರ‍್ಯಾಲಿ ಕಾರು ಮಾಡಿದರು. 1974, 75, 76 ಮೂರೂ ವರ್ಷ ವಿಶ್ವ ರ‍್ಯಾಲಿ ಪಟ್ಟ ಲಾಂಚಿಯಾಗೇ ಹೋಯಿತು. ಗುಡ್ಡದ ತಿರುವುಗಳಲ್ಲೇ ಅದು ತನ್ನನ್ನು ತೋರಿಸಿಕೊಂಡಿತು. ಕಾನ್ಸೆಪ್ಟ್ ಕಾರು, ಕಸ್ಟಮ್ ಕಾರು ಯಾವುದೇ ಆಗಲಿ, ನಾನು ಅದನ್ನು ಅಳೆಯೋದು ಹೀಗೆ: ವೇದಿಕೆ ಇಳಿದ ಮೇಲೆ ತಿರುವಿನಲ್ಲಿ ಏನು ಮಾಡಿತು? ಈ ಗ್ಯಾರೇಜ್ ನನಗೆ ಹಿಡಿಸಿದ್ದೂ ಅದಕ್ಕೇ. ನಮ್ಮಲ್ಲಿ ಕಾರು ವಿನ್ಯಾಸಕಾರ ದಿಲೀಪ್ ಛಾಬ್ರಿಯಾ 2012ರ ಆಟೋ ಎಕ್ಸ್‌ಪೋದಲ್ಲಿ ಡಿಸಿ ಅವಂತಿ ಎಂಬ ಸ್ಪೋರ್ಟ್ಸ್ ಕಾರು ತೋರಿಸಿದಾಗ ನಾವೆಲ್ಲ ಪೇಪರಿನ ಫೋಟೋ ಕತ್ತರಿಸಿ ಇಟ್ಟುಕೊಂಡಿದ್ದೆವು. ಅದನ್ನು ಘಾಟಿಯಲ್ಲಿ ಓಡುವಾಗ ನೋಡಬೇಕು ಅನ್ನುವ ಆಸೆ ನನಗೆ ಇನ್ನೂ ಇದೆ.

ಘಾಟಿ ಓಟದ ಮಾತು ಬಂದರೆ ಗುಂಪು ಎರಡಾಗುತ್ತೆ. ಜೀನ್ಸ್ ಹುಡುಗನಿಗೆ ಲಾಸ್ ಏಂಜಲೀಸ್ ಗುಡ್ಡಗಳ ಮಲ್ಹೋಲಂಡ್ ರಸ್ತೆ ಅಂದರೆ ಹುಚ್ಚು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಹುಡುಗರು ರಾತ್ರಿ ಹೊತ್ತು ಆ ತಿರುವುಗಳಲ್ಲಿ ರೇಸ್ ಹೊಡೆಯುತ್ತಿದ್ದರು. ಆ ರಸ್ತೆಗೆ ಹೆಸರು ಬಂದಿದ್ದು ನೀರಿನ ಎಂಜಿನಿಯರ್ ಒಬ್ಬರಿಂದ. ವಿಲಿಯಂ ಮಲ್ಹೋಲಂಡ್ 1913ರಲ್ಲಿ ದೂರದ ಕಣಿವೆಯಿಂದ ಕಾಲುವೆ ತಂದು ಆ ಊರಿಗೆ ನೀರು ಕೊಟ್ಟವರು. ಟಿಬಿ ಡ್ಯಾಮಿನ ನೀರು ಕುಡಿಯುವ ನಮಗೆ ಆ ಮರ್ಯಾದೆ ಅರ್ಥ ಆಗುತ್ತೆ. ಯಜಮಾನರು ಮಾತ್ರ ಅಮೆರಿಕದ ಕೊಲೊರಾಡೋದ ಪೈಕ್ಸ್ ಪೀಕ್ ಗುಡ್ಡದ ಕಡೆ. ಅಲ್ಲಿ 1916ರಿಂದ ರಸ್ತೆ ಮುಚ್ಚಿಯೇ ಗುಡ್ಡ ಹತ್ತುವ ಓಟ ನಡೆಸುತ್ತಾರೆ. 20 ಕಿಲೋಮೀಟರಿಗೆ 156 ತಿರುವು, ತುದಿ 4,300 ಮೀಟರ್ ಎತ್ತರದಲ್ಲಿ. 2018ರಲ್ಲಿ ಫೋಕ್ಸ್‌ವ್ಯಾಗನ್‌ನ ಒಂದು ಕರೆಂಟ್ ಕಾರು 8 ನಿಮಿಷದೊಳಗೆ ಅದನ್ನು ಹತ್ತಿತು. ಅಷ್ಟು ಮೇಲೆ ಗಾಳಿ ತೆಳು, ಡೀಸೆಲ್, ಪೆಟ್ರೋಲ್ ಎಂಜಿನ್ನಿಗೆ ಉಸಿರು ಸಾಲೋದಿಲ್ಲ. ಕರೆಂಟ್ ಮೋಟಾರಿಗೆ ಆ ತೊಂದರೆ ಇಲ್ಲ.

ನಾನು ಯಜಮಾನರ ಕಡೆ. ಸಂಡೂರಿನ ಗುಡ್ಡದ ರಸ್ತೆಯಲ್ಲಿ ರೇಸ್ ಅನ್ನುವ ಮಾತೇ ಬೇಡ. ತಿರುವಿನ ಆ ಕಡೆಯಿಂದ ಅದಿರು ಲಾರಿ ಬರುತ್ತಿರುತ್ತೆ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಸಿಗುತ್ತಿದ್ದ ಕಾಲದಲ್ಲಿ ಲಾರಿಗಳು ಒಂದನ್ನೊಂದು ಹಿಂದೆ ಹಾಕೋಕೆ ಹೋಗಿ ಎಷ್ಟು ಮನೆ ಕತ್ತಲಾಯಿತು ಅಂತ ಅಪ್ಪ ಹೇಳಲು ಶುರು ಮಾಡಿದರೆ ಆ ಸೀಟಿನ ಮೇಲೆ ಯಾರೂ ಮಾತಾಡೋದಿಲ್ಲ. ತಿರುವನ್ನು ಚೆನ್ನಾಗಿ ತೆಗೆದುಕೊಳ್ಳೋದರಲ್ಲೇ ಬೇಕಾದಷ್ಟು ಸುಖ ಇದೆ.

ಆ ಸುಖ ಕಂಡಿದ್ದು ಟೆಸ್ಟ್ ಡ್ರೈವ್ ದಿನ. ಇಲ್ಲಿ ಗಾಡಿ ಕೊಡುವ ಮುಂಚೆ ಮೇಸ್ತ್ರಿ ಮಾಲೀಕನನ್ನು ಕೂರಿಸಿಕೊಂಡು ಗುಡ್ಡಕ್ಕೆ ಹೋಗಲೇಬೇಕು. ಇದಕ್ಕೆ ದುಡ್ಡು ತಗೊಳ್ಳೋದಿಲ್ಲ, ಡೀಸೆಲ್ ನಮ್ಮದು. ಬೆಳಕು ಹರಿಯುವ ಮೊದಲೇ ಬಳ್ಳಾರಿ ಬಿಟ್ಟು, ತೋರಣಗಲ್ಲು ದಾಟಿ ಸಂಡೂರಿಗೆ, ಅಲ್ಲಿಂದ ಕುಮಾರಸ್ವಾಮಿ ಗುಡಿಯ ಘಾಟಿಗೆ. ಹಿಂದೆ ಅಪ್ಪ. ಮಳೆಗಾಲ ಮುಗಿಯುತ್ತಾ ಬಂದಿತ್ತು, ಕೆಂಪು ಗುಡ್ಡದ ಮೇಲೆಲ್ಲ ಹಸಿರು. ಹತ್ತುವಾಗ ಎಂಜಿನ್ ಸದ್ದು ಒಂದೇ ಸಮ ಇತ್ತು, ಹೊಗೆ ಇಲ್ಲ. ಸ್ಟೇರಿಂಗ್‌ನಲ್ಲಿ ಮೊದಲು ಅಂಗೈ ಅಗಲದ ಆಟ ಇತ್ತು. ಈಗ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತಿತ್ತು. ಇಳಿಯುವಾಗ ಮೇಸ್ತ್ರಿ ನನ್ನಿಂದ ಮತ್ತೆ ಮತ್ತೆ ಬ್ರೇಕ್ ಒತ್ತಿಸಿದರು. ಜಾಗ ನೋಡಿ ನಿಲ್ಲಿಸಿ, ಇಳಿದು, ನಾಲ್ಕೂ ಡ್ರಮ್‌ಗಳ ಹತ್ತಿರ ಕೈ ಹಿಡಿದು ಬಿಸಿ ನೋಡಿದರು. ಬಲಗಡೆ ಹಿಂದಿನದು ಸ್ವಲ್ಪ ಜಾಸ್ತಿ ಕಾದಿತ್ತು. ಅಲ್ಲೇ ರಸ್ತೆ ಪಕ್ಕ ಜಾಕ್ ಕೊಟ್ಟು ಶೂ ಸಡಿಲ ಮಾಡಿದರು. ಮತ್ತೆ ಒತ್ತಿದರೆ ಜೀಪ್ ಯಾವ ಕಡೆಗೂ ಎಳೆಯದೆ ನೇರ ನಿಂತಿತು. ಅಪ್ಪ ಹಿಂದಿನಿಂದ "ಈಗ ಇದು ನನ್ನ ಗಾಡಿ" ಅಂದರು. ಮೇಸ್ತ್ರಿ "ಇನ್ನು ನೀವೇ ಓಡಿಸ್ರಿ ಯಜಮಾನ್ರೇ" ಅಂತ ಅವರನ್ನು ಮುಂದೆ ಕೂರಿಸಿದರು. ಉಳಿದ ದಾರಿ ಅಪ್ಪನೇ ಓಡಿಸಿದರು, ಪ್ರತಿ ತಿರುವಿಗೂ ಹಾರ್ನ್ ಹೊಡೆದು, ಹತ್ತಿದ ಗೇರಿನಲ್ಲೇ.

ಸೀಟಿನ ವಿಷಯ ಹೇಳಲೇಬೇಕು. ಬಳ್ಳಾರಿ ಜೀಪಿಗೆ ಬಳ್ಳಾರಿ ಜೀನ್ಸ್ ಬಟ್ಟೆಯ ಸೀಟು ಹಾಕಿಸೋಣ ಅಂದಿದ್ದು ಆ ಹೊಲಿಗೆ ಹುಡುಗ. ಬಟ್ಟೆ ತಂದವನೂ, ಕಿತ್ತಳೆ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿದವನೂ ಅವನೇ. ಹಿಂಬದಿಯಲ್ಲಿ ಪ್ಯಾಂಟಿನ ಥರ ಜೇಬು ಬೇರೆ. ಇದು ಹೊಸ ಯೋಚನೆ ಏನಲ್ಲ. ಅಮೆರಿಕದ ಎಎಂಸಿ ಕಂಪನಿ 1973ರಲ್ಲಿ ಗ್ರೆಮ್ಲಿನ್ ಕಾರಿಗೆ ಲೀವೈಸ್ ಜೀನ್ಸ್ ಥರದ ಸೀಟು ಕೊಟ್ಟಿತ್ತು. ಆಮೇಲೆ ಅವರದೇ ಜೀಪ್ ಸಿಜೆಗೂ ಬಂತು. ತಾಮ್ರದ ರಿವೆಟ್ಟು, ಕಿತ್ತಳೆ ದಾರ ಎಲ್ಲಾ ಇತ್ತು, ಬಟ್ಟೆ ಮಾತ್ರ ಜೀನ್ಸ್ ಅಲ್ಲ, ಹಾಗೆ ಕಾಣುವ ನೈಲಾನ್. ನಿಜವಾದ ಜೀನ್ಸ್ ಬಟ್ಟೆ ಬೆಂಕಿ ತಡೆಯುವ ನಿಯಮಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಸೀಟು ನೋಡೋಕೆ ತುಂಬಾ ಚಂದ. ಕೂರೋಕೂ ಹಿತ, ಬಿಸಿಲಿಗೆ ರೆಕ್ಸಿನ್ ಥರ ತೊಡೆ ಸುಡೋದಿಲ್ಲ. ಆದರೆ ಬೆವರಿಗೆ ನೀಲಿ ಬಣ್ಣ ಬಿಟ್ಟು ಅಪ್ಪನ ಬಿಳಿ ಪಂಚೆ ಹಾಳಾಯಿತು. ಮಳೆಯಲ್ಲಿ ನೆನೆದರೆ ಒಣಗೋಕೆ ತುಂಬಾ ಹೊತ್ತು. ನೀವು ಹಾಕಿಸೋದಾದರೆ ಬಟ್ಟೆಯನ್ನು ಮೊದಲೇ ಒಗೆಸಿ ಬಣ್ಣ ಬಿಡಿಸಿ. ತೆರೆದ ಜೀಪಾದರೆ ಕ್ಯಾನ್ವಾಸ್ ಸಾಕು.

ಬೇಸರ ತಂದ ವಿಷಯಗಳೂ ಇವೆ. ಹೇಳಿದ ದಿನಕ್ಕೆ ಗಾಡಿ ಸಿಗೋದಿಲ್ಲ. ಯುಗಾದಿ ಅಂದರು, ನಾಗರ ಪಂಚಮಿ ಆಯಿತು, ಗಣೇಶ ಹಬ್ಬಕ್ಕೆ ಕೈಗೆ ಬಂತು. ಫೋನ್ ಎತ್ತೋದಿಲ್ಲ, ಹೋಗಿಯೇ ಕೇಳಬೇಕು. ಬಣ್ಣ ಇವರ ದೊಡ್ಡ ಕೊರತೆ. ಪ್ರತ್ಯೇಕ ಪೇಂಟ್ ಬೂತ್ ಇಲ್ಲ, ಬಳ್ಳಾರಿಯ ಗಾಳಿಯಲ್ಲಿ ಧೂಳಿಗೆ ಬರವಿಲ್ಲ. ನನ್ನ ಎಡಗಡೆ ಮಡ್‌ಗಾರ್ಡ್ ಮೇಲೆ ಕೈ ಆಡಿಸಿದರೆ ಕಾಳುಕಾಳು ಸಿಗುತ್ತೆ. ಇನ್ನೊಂದು ಸಲ ಉಜ್ಜಿ ಹೊಡೆದುಕೊಟ್ಟರೂ ಪೂರ್ತಿ ಹೋಗಲಿಲ್ಲ. ಟಿಂಕರಿಂಗ್ ಮಾತ್ರ ಅಚ್ಚುಕಟ್ಟು. ತುಕ್ಕು ತಿಂದ ಫ್ಲೋರ್ ಶೀಟನ್ನು ಪುಟ್ಟಿ ಮೆತ್ತಿ ಮುಚ್ಚಲಿಲ್ಲ, ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿದರು.

ಖರ್ಚು ಎಲ್ಲಾ ಸೇರಿ ಎರಡು ಲಕ್ಷದ ಹತ್ತಿರ ಬಂತು. ಅರ್ಧಕ್ಕಿಂತ ಜಾಸ್ತಿ ಸಾಮಾನಿಗೇ. ಸಾಮಾನು ನಾವೇ ಅಂಗಡಿಗೆ ಹೋಗಿ ತರಬೇಕು, ಚೀಟಿ ಬರೆದು ಕೊಡುತ್ತಾರೆ. ಓಡಾಟ ಇದೆ ನಿಜ, ಆದರೆ ಯಾವುದಕ್ಕೆ ಎಷ್ಟು ಹೋಯಿತು ಅಂತ ಪೂರ್ತಿ ಗೊತ್ತಿರುತ್ತೆ. ತೆಗೆದ ಹಳೇ ಸಾಮಾನನ್ನೂ ಚೀಲದಲ್ಲಿ ಹಾಕಿ ವಾಪಸ್ ಕೊಡುತ್ತಾರೆ. ಮಜೂರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ, ಬಿಲ್ ಇಲ್ಲ. ಬಿಲ್ ಬೇಕು ಅನ್ನುವವರು ಮೊದಲೇ ಮಾತಾಡಿಕೊಳ್ಳಿ.

ಕಂಪ್ಯೂಟರ್ ಇರುವ ಈಗಿನ ಗಾಡಿಗಳನ್ನು ಇವರು ಮುಟ್ಟೋದಿಲ್ಲ, ಅದನ್ನು ಬೇರೆ ಕಡೆಗೆ ಒಯ್ಯಿರಿ. 50 ವರ್ಷ ದಾಟಿದ ಗಾಡಿ ಇದ್ದರೆ, 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸೋದು ಹೇಗೆ ಅಂತ ಮೇಷ್ಟ್ರನ್ನು ಕೇಳಿ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಇದೆ, ಮೂಲ ರೂಪ ಜಾಸ್ತಿ ಬದಲಾಗಿದ್ದರೆ ಸಿಗೋದಿಲ್ಲ. ಗ್ಯಾರೇಜಿಗೆ ಮೊದಲ ಸಲ ಹೋಗೋದಾದರೆ ವಾರದ ದಿನ ಬೆಳಿಗ್ಗೆ ಹತ್ತರೊಳಗೆ ಹೋಗಿ, ಆರ್‌ಸಿಯ ಒರಿಜಿನಲ್ ಕೈಯಲ್ಲಿರಲಿ. ಮುಂಗಡ ಪೂರ್ತಿ ಕೊಡಬೇಡಿ, ಅವರೂ ಕೇಳೋದಿಲ್ಲ. ಬ್ರೇಕಿಗೆ ಕಾಲು ಭಾಗ, ಎಂಜಿನ್ನಿಗೆ ಕಾಲು ಭಾಗ, ಉಳಿದದ್ದು ಗುಡ್ಡ ಇಳಿದು ಬಂದ ಮೇಲೆ.